ಪ್ರಕಟಣೆಯಿಂದ ಸೂಚಿಯವರೆಗೆ: ಶೋಧಯಂತ್ರಗಳ ಕಾಲವಿಳಂಬದ ಚರಿತ್ರೆ ಮತ್ತು ಕನ್ನಡ ಪಠ್ಯ

1

ಬರಹವೊಂದು ಪ್ರಕಟವಾಗುವ ದಿನ ಬೇರೆ. ಅದನ್ನು ಅರಸುವವರಿಗೆ ಅದು ದೊರೆಯುವಂತಾಗುವ ದಿನ ಬೇರೆ. ಈ ಎರಡು ದಿನಗಳ ನಡುವಿನ ಅಂತರ ಗ್ರಂಥಾಲಯಗಳನ್ನು ಬಹುಕಾಲದಿಂದ ಕಾಡುತ್ತ ಬಂದಿರುವ ಸಮಸ್ಯೆ. ಅಂತರಜಾಲದ ಕಾಲದಲ್ಲಿ ಈ ಅಂತರ ಅಳಿದುಹೋಯಿತೆಂಬ ಭಾವನೆ ವ್ಯಾಪಕವಾಗಿದೆ. ಜಾಲತಾಣಕ್ಕೆ ಏರಿಸಿದ ಕೂಡಲೇ ಲೇಖನವು ಜಗತ್ತಿನ ಯಾವ ಮೂಲೆಯಲ್ಲಿರುವವರಿಗೂ ಲಭ್ಯವಾಗುತ್ತದೆ ಎಂಬ ಮಾತನ್ನು ವಿಚಾರಸಂಕಿರಣಗಳಲ್ಲಿ ನಾವು ಆಗಾಗ ಕೇಳುತ್ತೇವೆ. ಮೇಲ್ನೋಟಕ್ಕೆ ನಿಜವೆನಿಸುವ ಈ ಮಾತು ಚಾರಿತ್ರಿಕವಾಗಿ ಪರಿಶೀಲಿಸಿದಾಗ ನಿಲ್ಲುವುದಿಲ್ಲ. ಜಾಲದಲ್ಲಿ ಇರುವುದೆಲ್ಲವೂ ಶೋಧಯಂತ್ರದ ಸೂಚಿಯಲ್ಲಿ ಇರುವುದಿಲ್ಲ. ಇರುವಂಥದ್ದು ಕೂಡ ಏರಿಸಿದ ದಿನವೇ ಅಲ್ಲಿಗೆ ಸೇರಿರುವುದಿಲ್ಲ.

ಹೊರನಾಡಿನಲ್ಲಿ ಕನ್ನಡದ ಸಂಶೋಧನೆಯನ್ನು ಕೈಗೊಂಡಿರುವ ನಮಗೆ ಈ ಪ್ರಶ್ನೆ ವಿಶೇಷವಾಗಿ ಮುಖ್ಯವಾದುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಕುಳಿತವರಿಗೆ ಮೈಸೂರು, ಧಾರವಾಡ, ಹಂಪಿಗಳ ಗ್ರಂಥಭಂಡಾರಗಳು ಕೈಗೆಟಕುವ ದೂರದಲ್ಲಿಲ್ಲ. ಸಂಶೋಧನ ವಿಷಯವನ್ನು ಆರಿಸಿಕೊಂಡ ವಿದ್ಯಾರ್ಥಿಯು ಮೊದಲು ಮಾಡುವ ಕೆಲಸವೆಂದರೆ ಶೋಧಯಂತ್ರದಲ್ಲಿ ಮೂರು ನಾಲ್ಕು ಪದಗಳನ್ನು ಬೆರಳಚ್ಚಿಸುವುದು. ಅಲ್ಲಿ ಏನೂ ದೊರೆಯದಿದ್ದರೆ, ಈ ವಿಷಯವನ್ನು ಕುರಿತು ಇದುವರೆಗೆ ಅಧ್ಯಯನ ನಡೆದಿಲ್ಲವೆಂಬ ವಾಕ್ಯವು ಮಹಾಪ್ರಬಂಧದ ಮೊದಲ ಅಧ್ಯಾಯದಲ್ಲಿ ಸೇರಿಕೊಳ್ಳುತ್ತದೆ. ದೊರೆಯದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಅರಿಯಬೇಕಾದರೆ, ಸೂಚಿಯು ತಯಾರಾಗುವ ಕ್ರಮವನ್ನೂ ಅದಕ್ಕೆ ಹಿಡಿಯುವ ಕಾಲವನ್ನೂ ತಿಳಿಯುವುದು ಅಗತ್ಯ. ಪ್ರಸ್ತುತ ಲೇಖನದಲ್ಲಿ ಆ ಕಾಲವಿಳಂಬದ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸಿ, ಕನ್ನಡ ಪಠ್ಯದ ಮಟ್ಟಿಗೆ ಅದರ ಅರ್ಥವೇನೆಂಬುದನ್ನು ವಿವೇಚಿಸುವುದು ನಮ್ಮ ಉದ್ದೇಶ.

ಮೊದಲಿಗೆ ಕಾರ್ಯವಿಧಾನವನ್ನು ಸಂಕ್ಷೇಪವಾಗಿ ನೋಡಬಹುದು. ನಾವು ಪ್ರಶ್ನೆ ಕೇಳಿದಾಗ ಶೋಧಯಂತ್ರವು ಜಾಲವನ್ನು ಹುಡುಕುವುದಿಲ್ಲ; ತಾನು ಮೊದಲೇ ಸಿದ್ಧಪಡಿಸಿಟ್ಟುಕೊಂಡ ಸೂಚಿಯನ್ನು ನೋಡುತ್ತದೆ. ಆ ಸೂಚಿಯ ರಚನೆ ನಮ್ಮ ಶಾಸ್ತ್ರಗ್ರಂಥಗಳ ಕೊನೆಯಲ್ಲಿರುವ ಅಕಾರಾದಿ ಪದಸೂಚಿಯಂತೆಯೇ ಇರುತ್ತದೆ: ಇಂಥ ಪದ ಇಂಥಿಂಥ ಪುಟಗಳಲ್ಲಿದೆ ಎಂಬ ಪಟ್ಟಿ. ಹೊಸ ಪುಟವೊಂದು ಈ ಪಟ್ಟಿಗೆ ಸೇರಬೇಕಾದರೆ ಮೂರು ಹಂತಗಳನ್ನು ದಾಟಬೇಕು. ಆ ಪುಟ ಇದೆಯೆಂಬುದು ಯಂತ್ರಕ್ಕೆ ತಿಳಿಯಬೇಕು. ಕ್ರಾಲರ್ ಎಂದು ಹೆಸರಾಗಿರುವ ಸಂಚಾರಿ ತಂತ್ರಾಂಶವು ಅಲ್ಲಿಗೆ ಹೋಗಿ ಪುಟವನ್ನು ತರಬೇಕು. ತಂದ ಪಠ್ಯವನ್ನು ಪದಗಳಾಗಿ ಬಿಡಿಸಿ ಸೂಚಿಯಲ್ಲಿ ದಾಖಲಿಸಬೇಕು. ಈ ಮೂರರಲ್ಲಿ ಎಲ್ಲಿ ಬೇಕಾದರೂ ವಿಳಂಬವಾಗಬಹುದು. ಮೊದಲೆರಡು ಹಂತಗಳ ವಿಳಂಬ ಎಲ್ಲ ಭಾಷೆಗಳಿಗೂ ಸಮಾನವಾಗಿ ಬಂದದ್ದು. ಮೂರನೆಯ ಹಂತದ ವಿಳಂಬವು ಕನ್ನಡದಂತಹ ಭಾಷೆಗಳಿಗೆ ಪ್ರತ್ಯೇಕವಾಗಿ ಒದಗಿದ್ದು ಎಂಬುದನ್ನು ಮುಂದೆ ಕಾಣುತ್ತೇವೆ.

2

ಸೂಚಿಯ ಸಮಸ್ಯೆ ಗಣಕದೊಂದಿಗೆ ಹುಟ್ಟಿದ್ದಲ್ಲ. ಅಮೆರಿಕದ ಯೇಲ್‌ನಲ್ಲಿ ವಿದ್ಯಾರ್ಥಿಯಾಗಿದ್ದ ವಿಲಿಯಂ ಫ್ರೆಡರಿಕ್ ಪೂಲ್ ನಿಯತಕಾಲಿಕೆಗಳ ಲೇಖನಗಳಿಗೆ ವಿಷಯಸೂಚಿಯನ್ನು 1848ರಲ್ಲಿ ಪ್ರಕಟಿಸಿದನು. ಅದರ ವಿಸ್ತೃತ ಆವೃತ್ತಿ 1853ರಲ್ಲಿಯೂ ಮತ್ತಷ್ಟು ದೊಡ್ಡ ಆವೃತ್ತಿ 1882ರಲ್ಲಿಯೂ ಹೊರಬಂದವು. ಎರಡು ಆವೃತ್ತಿಗಳ ನಡುವೆ ಸುಮಾರು ಮೂವತ್ತು ವರ್ಷಗಳು! ಆ ಅವಧಿಯಲ್ಲಿ ಅಚ್ಚಾದ ಲೇಖನವು ಗ್ರಂಥಾಲಯದ ಕಪಾಟಿನಲ್ಲಿ ಇದ್ದೇ ಇತ್ತು. ಆದರೆ ಸೂಚಿಯನ್ನು ನೆಚ್ಚಿದವನ ಪಾಲಿಗೆ ಅದು ಇರಲಿಲ್ಲ. ವೈದ್ಯಕೀಯ ಕ್ಷೇತ್ರದಲ್ಲಿ ಇಷ್ಟು ಕಾಯುವುದು ಅಸಾಧ್ಯವೆಂದು ಮನಗಂಡ ಜಾನ್ ಷಾ ಬಿಲ್ಲಿಂಗ್ಸ್ 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದನು. ಅದೇ ಸೂಚಿಯ ತಯಾರಿಕೆಗೆ 1964ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಗಣಕವನ್ನು ಬಳಸಿಕೊಂಡಿತು. ಬೆಳೆಯುತ್ತಿದ್ದ ಸಾಹಿತ್ಯದ ಪ್ರಮಾಣ ಕೈಕೆಲಸದ ಮಿತಿಯನ್ನು ಮೀರಿದಾಗ ಸೂಚಿಯ ಕೆಲಸಕ್ಕೆ ಗಣಕ ಬಂದಿತೆಂಬುದು ಇಲ್ಲಿ ಗಮನಾರ್ಹ.

ನಮ್ಮ ದೇಶದಲ್ಲಿ 1954ರ ಗ್ರಂಥ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಾಶಕರು ತಮ್ಮ ಪುಸ್ತಕಗಳ ಪ್ರತಿಗಳನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸಬೇಕಾಯಿತು. ಅವುಗಳ ಆಧಾರದ ಮೇಲೆ ಬಿ. ಎಸ್. ಕೇಶವನ್ ಅವರ ನೇತೃತ್ವದಲ್ಲಿ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯ ಕೆಲಸ ಆರಂಭವಾಯಿತು. ಕನ್ನಡವೂ ಸೇರಿ ಹಲವು ಭಾಷೆಗಳ ಗ್ರಂಥಗಳನ್ನು ಒಂದೇ ಅನುಕ್ರಮದಲ್ಲಿ ತರಬೇಕಾಗಿದ್ದುದರಿಂದ ಅವುಗಳ ಹೆಸರುಗಳನ್ನು ರೋಮನ್ ಲಿಪಿಗೆ ಲಿಪ್ಯಂತರಿಸಿ ಕೊಡಲಾಯಿತು. ಅಂದಿನ ಅಚ್ಚಿನ ಅನುಕೂಲವನ್ನು ನೋಡಿದರೆ ಇದು ಅರ್ಥವಾಗುವ ನಿರ್ಧಾರವೇ. ಆದರೆ ಅಖಿಲ ಭಾರತದ ಸೂಚಿಯೊಳಗೆ ಕಾಲಿಡಲು ಕನ್ನಡವು ತನ್ನ ಲಿಪಿಯನ್ನು ಹೊರಗೆ ಬಿಟ್ಟು ಬರಬೇಕಾಯಿತೆಂಬುದನ್ನು ನಾವು ನೆನಪಿನಲ್ಲಿಡಬೇಕು. ಈ ಸಂಗತಿ ಮುಂದೆ ಬೇರೆ ರೂಪಗಳಲ್ಲಿ ಮರುಕಳಿಸುತ್ತದೆ.

3

ಅಂತರಜಾಲದ ಮೊದಲ ಶೋಧಸಾಧನವೆಂದು ಸಾಮಾನ್ಯವಾಗಿ ಪರಿಗಣಿತವಾಗಿರುವ 'ಆರ್ಚಿ'ಯನ್ನು 1990ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್ಟೇಜ್ ರೂಪಿಸಿದರು. ಸಾರ್ವಜನಿಕ ಕಡತಭಂಡಾರಗಳಲ್ಲಿದ್ದ ಕಡತಗಳ ಹೆಸರುಗಳನ್ನು ಮಾತ್ರ ಅದು ಪಟ್ಟಿ ಮಾಡುತ್ತಿತ್ತು. ಒಳಗಿನ ಪಠ್ಯವನ್ನು ಓದುತ್ತಿರಲಿಲ್ಲ. ಒಂದೊಂದು ಭಂಡಾರಕ್ಕೂ ಅದು ಸುಮಾರು ತಿಂಗಳಿಗೊಮ್ಮೆ ಭೇಟಿ ಕೊಡುತ್ತಿತ್ತು. ದೂರದ ಸರ್ವರುಗಳಿಗೆ ಹೊರೆಯಾಗಬಾರದೆಂಬ ಎಚ್ಚರಿಕೆಯೇ ಇದಕ್ಕೆ ಕಾರಣ. ಅಂದರೆ, ಆ ಆರಂಭದ ದಿನಗಳಲ್ಲಿ ವಿಳಂಬವು ಯಂತ್ರದ ಅಶಕ್ತಿಯಷ್ಟೇ ಆಗಿರದೆ ಒಂದು ಬಗೆಯ ಸೌಜನ್ಯವೂ ಆಗಿತ್ತು.

ಜಾಲಪುಟಗಳ ಯುಗ ಆರಂಭವಾದ ಮೇಲೆ 1993ರಲ್ಲಿ ಎಂಐಟಿಯ ಮ್ಯಾಥ್ಯೂ ಗ್ರೇ ಅವರು 'ವಾಂಡರರ್' ಎಂಬ ತಂತ್ರಾಂಶವನ್ನು ರಚಿಸಿದರು. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಅಲೆಯುತ್ತ ಜಾಲದ ಗಾತ್ರವನ್ನು ಅಳೆಯುವುದು ಅದರ ಕೆಲಸವಾಗಿತ್ತು. ಇಂತಹ ಅಲೆಮಾರಿ ತಂತ್ರಾಂಶಗಳು ಸರ್ವರುಗಳನ್ನು ದಣಿಸುತ್ತವೆಂಬ ದೂರು ಬೇಗನೆ ಕೇಳಿಬಂದಿತು. ಅದೇ ವರ್ಷದ ಕೊನೆಯಲ್ಲಿ ಮಾರ್ಟಿನ್ ಕಾಸ್ಟರ್ ಅವರು 'ಅಲಿವೆಬ್' ಎಂಬ ಬೇರೆಯದೇ ಏರ್ಪಾಡನ್ನು ಮುಂದಿಟ್ಟರು. ಅದರಲ್ಲಿ ಯಂತ್ರವು ಅಲೆಯುವ ಬದಲು, ತಾಣದ ಒಡೆಯರೇ ತಮ್ಮಲ್ಲಿರುವ ಪುಟಗಳ ವಿವರಣೆಯನ್ನು ಬರೆದಿಟ್ಟು ಅದರ ವಿಳಾಸವನ್ನು ತಿಳಿಸಬೇಕಾಗಿತ್ತು. 1994ರಲ್ಲಿ ಕಾಸ್ಟರ್ ಅವರೇ ಸೂಚಿಸಿದ ಇನ್ನೊಂದು ಏರ್ಪಾಡು ಇಂದಿಗೂ ಬಳಕೆಯಲ್ಲಿದೆ. ತಮ್ಮ ತಾಣದ ಯಾವ ಭಾಗಕ್ಕೆ ಕ್ರಾಲರುಗಳು ಬರಬಾರದೆಂಬುದನ್ನು ಒಡೆಯರು ಒಂದು ಚಿಕ್ಕ ಕಡತದಲ್ಲಿ ಬರೆದಿಡುವ ಆ ಕ್ರಮವು 28 ವರ್ಷಗಳ ಬಳಿಕ, 2022ರಲ್ಲಿ, ವಿಧ್ಯುಕ್ತ ಮಾನಕವಾಗಿ ಪ್ರಕಟವಾಯಿತು.

ಹೀಗೆ ಎರಡು ಮಾರ್ಗಗಳು ಆರಂಭದಲ್ಲಿಯೇ ಕವಲೊಡೆದವು. ಯಂತ್ರವೇ ಹುಡುಕಿಕೊಂಡು ಬರುವುದು ಒಂದು. ಬರೆದವನೇ ಹೋಗಿ ತಿಳಿಸುವುದು ಇನ್ನೊಂದು. ಮುಂದಿನ ಮೂರು ದಶಕಗಳ ಚರಿತ್ರೆಯನ್ನು ಈ ಎರಡು ಮಾರ್ಗಗಳ ನಡುವಿನ ತೂಗಾಟವೆಂದೇ ನೋಡಬಹುದು. ಅಲಿವೆಬ್ ಹೆಚ್ಚು ಕಾಲ ಬಾಳಲಿಲ್ಲ. 1994ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬ್ರಯನ್ ಪಿಂಕರ್ಟನ್ ಅವರ 'ವೆಬ್‌ಕ್ರಾಲರ್' ಪುಟಗಳ ಪೂರ್ಣಪಠ್ಯವನ್ನೇ ಸೂಚಿಗೆ ಸೇರಿಸತೊಡಗಿತು. ಅದೇ ವರ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 'ಲೈಕಾಸ್' ಹುಟ್ಟಿತು. 1995ರ ಡಿಸೆಂಬರ್‌ನಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ 'ಆಲ್ಟಾವಿಸ್ಟಾ' ಸುಮಾರು 1 ಕೋಟಿ 60 ಲಕ್ಷ ದಾಖಲೆಗಳ ಸೂಚಿಯೊಡನೆ ಸಾರ್ವಜನಿಕರಿಗೆ ದೊರೆಯಿತು.

4

ಈ ಯಂತ್ರಗಳೆಲ್ಲವೂ ಒಂದು ರೀತಿಯಲ್ಲಿ ಮುದ್ರಿತ ಸೂಚಿಯ ಪದ್ಧತಿಯನ್ನೇ ಅನುಸರಿಸುತ್ತಿದ್ದವು. ಜಾಲವನ್ನು ಒಂದು ಸುತ್ತು ತಿರುಗಿ ಬರುವುದು, ತಂದದ್ದನ್ನೆಲ್ಲ ಒಟ್ಟಿಗೆ ವಿಂಗಡಿಸುವುದು, ಹಳೆಯ ಸೂಚಿಯನ್ನು ತೆಗೆದು ಹೊಸದನ್ನು ಇಡುವುದು ಅವುಗಳ ಕ್ರಮ. ಗ್ರಂಥವೊಂದರ ಹೊಸ ಆವೃತ್ತಿಗೆ ಪದಸೂಚಿಯನ್ನು ಮೊದಲಿನಿಂದ ಮತ್ತೆ ಸಿದ್ಧಪಡಿಸಿದಂತೆ ಇದು. ಎರಡು ಆವೃತ್ತಿಗಳ ನಡುವೆ ಪ್ರಕಟವಾದ ಪುಟವು ಮುಂದಿನ ಆವೃತ್ತಿಯವರೆಗೆ ಕಾಯಬೇಕಾಗಿತ್ತು.

ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನ ವಿದ್ಯಾರ್ಥಿಗಳಾಗಿದ್ದ ಸರ್ಗೈ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಮಂಡಿಸಿದ, ಗೂಗಲ್‌ನ ರಚನೆಯನ್ನು ವಿವರಿಸುವ ಪ್ರಬಂಧದಲ್ಲಿ ಈ ಕ್ರಮದ ಅಂಕಿಅಂಶಗಳು ದೊರೆಯುತ್ತವೆ. ದೋಷಯುಕ್ತ ಪುಟಗಳೂ ಸೇರಿ 2 ಕೋಟಿ 60 ಲಕ್ಷ ಪುಟಗಳನ್ನು ತರಲು ಅವರ ಯಂತ್ರಕ್ಕೆ ಸುಮಾರು 9 ದಿನಗಳು ಬೇಕಾದವು. ವ್ಯವಸ್ಥೆ ಸುಗಮವಾದ ಮೇಲೆ ಕೊನೆಯ 1 ಕೋಟಿ 10 ಲಕ್ಷ ಪುಟಗಳನ್ನು 63 ಗಂಟೆಗಳಲ್ಲಿ ತಂದಿತು. ನಾಲ್ಕು ಗಣಕಗಳನ್ನು ಜೊತೆಯಾಗಿ ಬಳಸಿದರೆ ವಿಂಗಡಣೆಗೆ ಸುಮಾರು 24 ಗಂಟೆಗಳು ಸಾಕಾಗುತ್ತಿದ್ದವು. ಯಂತ್ರದ ಶ್ರಮ ಅಂದಿಗೇ ದಿನಗಳ ಲೆಕ್ಕಕ್ಕೆ ಇಳಿದಿತ್ತೆಂಬುದು ಇದರಿಂದ ಸ್ಪಷ್ಟ.

ಆದರೆ ವಾಸ್ತವದಲ್ಲಿ ಪುಟಗಳು ಎಷ್ಟು ಕಾಯುತ್ತಿದ್ದವು? ಈ ಪ್ರಶ್ನೆಗೆ ವ್ಯವಸ್ಥಿತ ಉತ್ತರ ಕೊಟ್ಟವರು ಸ್ಟೀವ್ ಲಾರೆನ್ಸ್ ಮತ್ತು ಲೀ ಗೈಲ್ಸ್ ಎಂಬ ಸಂಶೋಧಕರು. 'ನೇಚರ್' ಪತ್ರಿಕೆಯ 1999ರ ಜುಲೈ ಸಂಚಿಕೆಯಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಜಾಲದಲ್ಲಿ ಆಗ ಸೂಚೀಕರಿಸಬಹುದಾದ ಸುಮಾರು 80 ಕೋಟಿ ಪುಟಗಳಿದ್ದವು. ಯಾವ ಶೋಧಯಂತ್ರವೂ ಅದರಲ್ಲಿ ಶೇ. 16ಕ್ಕಿಂತ ಹೆಚ್ಚು ಭಾಗವನ್ನು ಒಳಗೊಂಡಿರಲಿಲ್ಲ. ಹೊಸ ಪುಟವು ಪ್ರಮುಖ ಶೋಧಯಂತ್ರಗಳಲ್ಲಿ ಒಂದನ್ನಾದರೂ ಸೇರಲು ತಿಂಗಳುಗಳೇ ಹಿಡಿಯಬಹುದಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವನ್ನು ಅವರು ಗುರುತಿಸಿದರು: ಈ ಕಾಯುವಿಕೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಹೆಚ್ಚು ಕೊಂಡಿಗಳನ್ನು ಪಡೆದ ತಾಣಗಳು ಸೂಚಿಯನ್ನು ಸೇರುವ ಸಂಭವ ಹೆಚ್ಚಾಗಿತ್ತು. ಸಾಮಾನ್ಯವಾಗಿ ಅಮೆರಿಕದ ತಾಣಗಳಿಗೆ ಇತರ ದೇಶಗಳ ತಾಣಗಳಿಗಿಂತಲೂ, ವಾಣಿಜ್ಯ ತಾಣಗಳಿಗೆ ಶೈಕ್ಷಣಿಕ ತಾಣಗಳಿಗಿಂತಲೂ ಹೆಚ್ಚು ಆದ್ಯತೆ ದೊರೆಯುತ್ತಿತ್ತು. ಭಾರತದ ವಿಶ್ವವಿದ್ಯಾಲಯವೊಂದರ ಪುಟವು ಈ ಎರಡೂ ಅಳತೆಗಳಲ್ಲಿ ಹಿಂದೆ ಬೀಳುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಯಂತ್ರವು ಯಾವ ಪುಟಕ್ಕೆ ಎಷ್ಟು ಬೇಗ ಮರಳಬೇಕೆಂಬ ಪ್ರಶ್ನೆಗೂ ಆ ಕಾಲದಲ್ಲಿಯೇ ಉತ್ತರವನ್ನು ಹುಡುಕಲಾಯಿತು. ಸ್ಟ್ಯಾನ್‌ಫರ್ಡ್‌ನ ಜಂಗೂ ಚೋ ಮತ್ತು ಹೆಕ್ಟರ್ ಗಾರ್ಸಿಯಾ ಮೊಲಿನಾ ಅವರು 270 ತಾಣಗಳ 7 ಲಕ್ಷ 20 ಸಾವಿರ ಪುಟಗಳನ್ನು ನಾಲ್ಕು ತಿಂಗಳಿಗೂ ಮೀರಿ ಪರಿಶೀಲಿಸಿ, ಫಲಿತಾಂಶವನ್ನು 2000ದಲ್ಲಿ ಪ್ರಕಟಿಸಿದರು. ವಾಣಿಜ್ಯ ತಾಣಗಳ ಶೇ. 40ಕ್ಕೂ ಹೆಚ್ಚು ಪುಟಗಳು ದಿನವೂ ಬದಲಾಗುತ್ತಿದ್ದವು. ಶೈಕ್ಷಣಿಕ ಹಾಗೂ ಸರ್ಕಾರಿ ತಾಣಗಳಲ್ಲಾದರೋ ಅರ್ಧಕ್ಕಿಂತ ಹೆಚ್ಚು ಪುಟಗಳು ಆ ಅವಧಿಯಲ್ಲಿ ಒಮ್ಮೆಯೂ ಬದಲಾಗಲಿಲ್ಲ. ಪದೇ ಪದೇ ಬದಲಾಗುವಲ್ಲಿಗೆ ಪದೇ ಪದೇ ಹೋಗುವುದು, ಸ್ಥಿರವಾಗಿರುವಲ್ಲಿಗೆ ಅಪರೂಪಕ್ಕೆ ಹೋಗುವುದು ಯಂತ್ರಕ್ಕೆ ಲಾಭಕರ. ತರ್ಕದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ವರ್ಷಕ್ಕೆರಡು ಸಂಚಿಕೆಗಳನ್ನು ಮಾತ್ರ ಹೊರತರುವ ವಿದ್ವತ್‌ಪತ್ರಿಕೆಯ ತಾಣಕ್ಕೆ ಯಂತ್ರದ ಭೇಟಿ ವಿರಳವಾಗುವುದು ಇದೇ ತರ್ಕದಿಂದ.

ಗೂಗಲ್‌ನ ಮುಖ್ಯ ಸೂಚಿಯು ಆ ವರ್ಷಗಳಲ್ಲಿ ಸುಮಾರು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಹಳೆಯ ಮತ್ತು ಹೊಸ ಸೂಚಿಗಳು ಬೇರೆ ಬೇರೆ ಗಣಕಕೇಂದ್ರಗಳಲ್ಲಿ ಏಕಕಾಲಕ್ಕೆ ಇರುತ್ತಿದ್ದುದರಿಂದ, ಆ ಕೆಲವು ದಿನಗಳಲ್ಲಿ ಫಲಿತಾಂಶಗಳು ಅತ್ತಿತ್ತ ಹೊಯ್ದಾಡುತ್ತಿದ್ದವು. ತಾಣಗಳ ಒಡೆಯರು ಇದನ್ನು 'ಗೂಗಲ್ ಡ್ಯಾನ್ಸ್' ಎಂದು ಕರೆದರು. ಈ ಪದ್ಧತಿಯ ಮಿತಿ 2001ರ ಸೆಪ್ಟೆಂಬರ್ 11ರಂದು ಎಲ್ಲರಿಗೂ ಕಾಣುವಂತೆ ಬಯಲಾಯಿತು. ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲೆ ದಾಳಿ ನಡೆದ ಆ ದಿನ ಜನರು ಸುದ್ದಿಗಾಗಿ ಶೋಧಯಂತ್ರದ ಮೊರೆಹೊಕ್ಕಾಗ ಸೂಚಿಯಲ್ಲಿದ್ದುದು ಹಳೆಯ ಪುಟಗಳು. ಹೊಸ ಸುದ್ದಿಗಾಗಿ ರೇಡಿಯೋ ಅಥವಾ ದೂರದರ್ಶನವನ್ನು ನೋಡಿರೆಂಬ ಸೂಚನೆಯನ್ನು ಗೂಗಲ್ ತನ್ನ ಮುಖಪುಟದಲ್ಲಿಯೇ ಹಾಕಬೇಕಾಯಿತು. ಈ ಅನುಭವದಿಂದ ಪ್ರೇರಿತರಾಗಿ 'ಗೂಗಲ್ ನ್ಯೂಸ್' ಸೇವೆಯನ್ನು ರೂಪಿಸಿದವರು ಕೃಷ್ಣ ಭರತ್. ಅವರು ಬೆಂಗಳೂರಿನಲ್ಲಿ ಶಾಲಾಶಿಕ್ಷಣವನ್ನೂ ಮದರಾಸಿನ ಐಐಟಿಯಲ್ಲಿ ಪದವಿ ಶಿಕ್ಷಣವನ್ನೂ ಪಡೆದವರು. 2002ರ ಸೆಪ್ಟೆಂಬರ್‌ನಲ್ಲಿ ಆ ಸೇವೆ ಆರಂಭವಾಯಿತು. 2003ರ ಸುಮಾರಿಗೆ ಮುಖ್ಯ ಸೂಚಿಯೂ ತಿಂಗಳ ಆವೃತ್ತಿಗಳನ್ನು ಬಿಟ್ಟು ದಿನದಿನಕ್ಕೆ ಅಲ್ಪಸ್ವಲ್ಪವಾಗಿ ಪರಿಷ್ಕಾರಗೊಳ್ಳುವ ಕ್ರಮಕ್ಕೆ ಹೊರಳಿತು.

5

2005ರ ಜೂನ್‌ನಲ್ಲಿ ಗೂಗಲ್ 'ಸೈಟ್‌ಮ್ಯಾಪ್' ಎಂಬ ಏರ್ಪಾಡನ್ನು ಪ್ರಕಟಿಸಿತು. ತಾಣದ ಒಡೆಯರು ತಮ್ಮ ಪುಟಗಳ ವಿಳಾಸಗಳನ್ನೂ ಅವು ಬದಲಾದ ದಿನಾಂಕಗಳನ್ನೂ ನಿಗದಿತ ರೂಪದಲ್ಲಿ ಪಟ್ಟಿ ಮಾಡಿಡುವ ಕ್ರಮವಿದು. 2006ರಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳೂ ಇದನ್ನು ಒಪ್ಪಿಕೊಂಡವು. ಹನ್ನೆರಡು ವರ್ಷಗಳ ಹಿಂದೆ ಅಲಿವೆಬ್ ಹಿಡಿದಿದ್ದ ಹಾದಿ, ಅಂದರೆ ಬರೆದವನೇ ತಿಳಿಸುವ ಹಾದಿ, ಹೀಗೆ ಮತ್ತೆ ತೆರೆಯಿತು.

ಮುಂದಿನ ದೊಡ್ಡ ಬದಲಾವಣೆ 'ಕೆಫೀನ್' ಎಂಬ ಹೆಸರಿನ ಹೊಸ ಸೂಚೀವ್ಯವಸ್ಥೆ. 2010ರ ಜೂನ್‌ನಲ್ಲಿ ಅದು ಪೂರ್ಣವಾಗಿ ಜಾರಿಗೆ ಬಂದಿತು. ಅದಕ್ಕೆ ಮೊದಲು ಗೂಗಲ್‌ನ ಸೂಚಿಯು ಹಲವು ಪದರಗಳಾಗಿದ್ದು, ಮುಖ್ಯ ಪದರವು ಒಂದೆರಡು ವಾರಗಳಿಗೊಮ್ಮೆ ಹೊಸದಾಗುತ್ತಿತ್ತು. ತಂದ ಪುಟವು ಸುಮಾರು ನೂರು ಗಣನಹಂತಗಳ ಸರಪಳಿಯ ಮೂಲಕ ಸಾಗಿ ಫಲಿತಾಂಶದಲ್ಲಿ ಕಾಣಿಸಿಕೊಳ್ಳಲು ಎರಡು ಮೂರು ದಿನಗಳು ಹಿಡಿಯುತ್ತಿದ್ದವೆಂದು ಅದೇ ಸಂಸ್ಥೆಯ ತಂತ್ರಜ್ಞರು 2010ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಕೆಫೀನ್ ವ್ಯವಸ್ಥೆಯಲ್ಲಿ ಪುಟವೊಂದು ಬಂದಂತೆ ಅದನ್ನೊಂದನ್ನೇ ಸೂಚಿಗೆ ಸೇರಿಸುವುದು ಸಾಧ್ಯವಾಯಿತು. ಫಲಿತಾಂಶಗಳಲ್ಲಿ ಕಾಣುವ ದಾಖಲೆಗಳ ಸರಾಸರಿ ವಯಸ್ಸು ಇದರಿಂದ ಅರ್ಧಕ್ಕೆ ಇಳಿಯಿತು. ಗ್ರಂಥದ ಹೊಸ ಆವೃತ್ತಿಯನ್ನು ಅಚ್ಚು ಹಾಕುವ ಪದ್ಧತಿ ಹೋಗಿ, ಹಳೆಯ ಗ್ರಂಥಾಲಯಗಳ ಸೂಚೀಪತ್ರದ ಡ್ರಾಯರಿಗೆ ಒಂದೊಂದೇ ಕಾರ್ಡನ್ನು ಸೇರಿಸುವ ಪದ್ಧತಿ ಬಂದಿತೆಂದು ಇದನ್ನು ತಿಳಿಯಬಹುದು.

ವೇಗವು ಸಾಧ್ಯವಾದ ಮೇಲೆ ಅದನ್ನು ಯಾರಿಗೆ ಕೊಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಹೊಸ ಘಟನೆಗಳನ್ನು ಕುರಿತ ಶೋಧಗಳಲ್ಲಿ ತಾಜಾ ಪುಟಗಳಿಗೆ ಹೆಚ್ಚು ಪ್ರಾಶಸ್ತ್ಯ ಕೊಡುವ ಬದಲಾವಣೆಯನ್ನು ಗೂಗಲ್ 2011ರ ನವೆಂಬರ್‌ನಲ್ಲಿ ಪ್ರಕಟಿಸಿತು. 2018ರಲ್ಲಿ ಪುಟಗಳನ್ನು ನೇರವಾಗಿ ತಿಳಿಸುವ ಸೌಲಭ್ಯವೊಂದನ್ನು ಅದು ಆರಂಭಿಸಿತಾದರೂ, ಅದನ್ನು ಉದ್ಯೋಗ ಪ್ರಕಟಣೆ ಹಾಗೂ ನೇರಪ್ರಸಾರದ ಪುಟಗಳಿಗೆ ಸೀಮಿತಗೊಳಿಸಿತು. 2021ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಬಿಂಗ್ ಮತ್ತು ರಷ್ಯಾದ ಯಾಂಡೆಕ್ಸ್ ಜೊತೆಗೂಡಿ 'ಇಂಡೆಕ್ಸ್‌ನೌ' ಎಂಬ ಏರ್ಪಾಡನ್ನು ತಂದವು. ಹೊಸ ಪುಟವನ್ನು ಏರಿಸಿದ ತಕ್ಷಣ ತಾಣವೇ ಶೋಧಯಂತ್ರಕ್ಕೆ ಸುದ್ದಿ ಮುಟ್ಟಿಸುವ ಕ್ರಮವಿದು. ಆದರೆ ಸುದ್ದಿ ಮುಟ್ಟಿದ ಮಾತ್ರಕ್ಕೆ ಪುಟವು ಸೂಚಿಗೆ ಸೇರುತ್ತದೆಂಬ ಭರವಸೆಯನ್ನು ಯಾವ ಸಂಸ್ಥೆಯೂ ಕೊಡುವುದಿಲ್ಲ. ಕ್ರಾಲರಿನ ಭೇಟಿಗೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯಬಹುದೆಂಬುದೇ ಗೂಗಲ್ ತಾಣಗಳ ಒಡೆಯರಿಗೆ ನೀಡುವ ತಿಳಿವಳಿಕೆ. ಪ್ರಮುಖ ಸುದ್ದಿಪತ್ರಿಕೆಯ ವರದಿ ನಿಮಿಷಗಳಲ್ಲಿ ಸೂಚಿಯನ್ನು ಸೇರುವ ಈ ಕಾಲದಲ್ಲಿ, ಯಾರೂ ಕೊಂಡಿ ಕೊಡದ ಹೊಸ ತಾಣದ ಪುಟವು ವಾರಗಟ್ಟಲೆ ಕಾಯಬಹುದು, ಸೇರದೆಯೂ ಉಳಿಯಬಹುದು.

6

ಇದುವರೆಗೆ ವಿವರಿಸಿದ್ದು ಇಂಗ್ಲಿಷಿನ ಪುಟಕ್ಕೂ ಕನ್ನಡದ ಪುಟಕ್ಕೂ ಸಮಾನವಾಗಿ ಅನ್ವಯಿಸುವ ಚರಿತ್ರೆ. ಆದರೆ ಕನ್ನಡ ಪಠ್ಯದ ನಿಜವಾದ ಕಾಯುವಿಕೆಯನ್ನು ದಿನಗಳಲ್ಲಾಗಲಿ ತಿಂಗಳುಗಳಲ್ಲಾಗಲಿ ಅಳೆಯಲಾಗದು; ಅದನ್ನು ವರ್ಷಗಳಲ್ಲಿಯೇ ಎಣಿಸಬೇಕು.

ಕನ್ನಡವು ಜಾಲಕ್ಕೆ ತಡವಾಗಿಯೇನೂ ಬರಲಿಲ್ಲ. ಯು. ಬಿ. ಪವನಜರ 'ವಿಶ್ವ ಕನ್ನಡ' ಜಾಲಪತ್ರಿಕೆ 1996ರಷ್ಟು ಹಿಂದೆಯೇ ಆರಂಭವಾಯಿತು. ಮುಂದೆ ದಿನಪತ್ರಿಕೆಗಳೂ ಜಾಲಕ್ಕೆ ಬಂದವು. ಆದರೆ ಅಂದಿನ ಗಣಕಗಳಲ್ಲಿ ಕನ್ನಡವನ್ನು ತೋರಿಸುತ್ತಿದ್ದ ಬಗೆಯೇ ಬೇರೆ. ಕನ್ನಡದ ಅಕ್ಷರಭಾಗಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ ಫಾಂಟುಗಳು ಆಗ ಬಳಕೆಯಲ್ಲಿದ್ದವು. ಪರದೆಯ ಮೇಲೆ 'ಕನ್ನಡ' ಎಂದು ಕಾಣುತ್ತಿದ್ದ ಪದವು ಗಣಕದ ಒಳಗೆ ಲ್ಯಾಟಿನ್ ಅಕ್ಷರಗಳೂ ಪೌಂಡ್ ನಾಣ್ಯದ ಚಿಹ್ನೆಯೂ ಬೆರೆತ ಒಂದು ಸಾಲಾಗಿರುತ್ತಿತ್ತು. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತವನ್ನು ಬೇರೆ ಫಾಂಟಿನಲ್ಲಿ ತೆರೆದವರಿಗೆ ಈ ನೋಟ ಪರಿಚಿತವೇ. ಓದುಗನ ಕಣ್ಣಿಗೆ ಅದು ಅಪ್ಪಟ ಕನ್ನಡ; ಯಂತ್ರದ ದೃಷ್ಟಿಗೆ ಅದು ಯಾವ ಭಾಷೆಯೂ ಅಲ್ಲ. ಕ್ರಾಲರ್ ಆ ಪುಟಕ್ಕೆ ದಿನವೂ ಬಂದು ಹೋಗಿರಬಹುದು, ಸೂಚಿಗೂ ಸೇರಿಸಿರಬಹುದು. ಆದರೆ 'ವಚನ' ಎಂದು ಕನ್ನಡದಲ್ಲಿ ಹುಡುಕಿದವನಿಗೆ ಆ ಪುಟ ಸಿಗುವಂತಿರಲಿಲ್ಲ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಆ ಪದ ಅಲ್ಲಿ ಇರಲೇ ಇಲ್ಲ. ಇಷ್ಟಲ್ಲದೆ, ಒಂದು ಪತ್ರಿಕೆಯ ಫಾಂಟಿನ ಸಂಕೇತ ಇನ್ನೊಂದರದಕ್ಕೆ ಹೊಂದುತ್ತಿರಲಿಲ್ಲ.

ಇದಕ್ಕೆ ಪರಿಹಾರ ಕಾಗದದ ಮೇಲೆ ಆಗಲೇ ಸಿದ್ಧವಿತ್ತು. 1991ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿತ್ತು. ಭಾರತದಲ್ಲಿ ರೂಪಿತವಾದ ಇಸ್ಕಿ ಸಂಕೇತಪದ್ಧತಿಯು ಅದಕ್ಕೆ ಆಧಾರವಾಗಿತ್ತು. ಆದರೆ ಮಾನಕವು ಪ್ರಕಟವಾಗುವುದು ಬೇರೆ, ಅದು ಜನಸಾಮಾನ್ಯರ ಗಣಕದಲ್ಲಿ ನೆಲೆಗೊಳ್ಳುವುದು ಬೇರೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಂದಿಗೆ ಯೂನಿಕೋಡ್ ಕನ್ನಡಕ್ಕೆ ಆಸರೆ ನೀಡಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಪತ್ರಿಕೆಗಳು ಯೂನಿಕೋಡಿಗೆ ಹೊರಳಿದ್ದು ಕ್ರಮೇಣವಾಗಿ. 1990ರ ದಶಕದ ಕೊನೆಯಲ್ಲಿ ಜಾಲಕ್ಕೆ ಏರಿದ ಕನ್ನಡ ಬರಹವೊಂದು ಕನ್ನಡದ ಪದಗಳಿಂದಲೇ ಶೋಧಕ್ಕೆ ಸಿಗುವಂತಾಗಲು, ಅದನ್ನು ಯಾರಾದರೂ ಮರುಸಂಕೇತಗೊಳಿಸಿ ಮತ್ತೆ ಏರಿಸುವವರೆಗೆ ಕಾಯಬೇಕಾಯಿತು. ಹಾಗೆ ಮರುಸಂಕೇತಗೊಳ್ಳುವ ಮೊದಲೇ ಮುಚ್ಚಿಹೋದ ತಾಣಗಳ ಬರಹಗಳು ಯಾವ ಸೂಚಿಗೂ ಕನ್ನಡವಾಗಿ ಸೇರಲೇ ಇಲ್ಲ.

ಮುದ್ರಿತ ಗ್ರಂಥಗಳ ವಿಷಯದಲ್ಲಿಯೂ ಸ್ಥಿತಿ ಹೆಚ್ಚು ಭಿನ್ನವಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹತ್ತು ಲಕ್ಷ ಗ್ರಂಥಗಳ ಯೋಜನೆಯೊಂದಿಗೆ ಕೈಜೋಡಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಪ್ರಧಾನ ಪಾತ್ರ ವಹಿಸಿದ ಭಾರತೀಯ ಡಿಜಿಟಲ್ ಗ್ರಂಥಾಲಯವು ಕನ್ನಡದ ಅಸಂಖ್ಯ ಹಳೆಯ ಪುಸ್ತಕಗಳನ್ನು ಬಿಂಬಗಳಾಗಿಸಿ ಜಾಲದಲ್ಲಿಟ್ಟಿತು. ಹೊರನಾಡಿನ ಸಂಶೋಧಕರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಆದರೆ ಬಿಂಬವು ಚಿತ್ರವೇ ಹೊರತು ಪಠ್ಯವಲ್ಲ. ಅದರೊಳಗಿನ ಪದಗಳನ್ನು ಯಂತ್ರವು ತಾನಾಗಿ ಓದಲಾರದು. ಹುಡುಕಲು ಇದ್ದ ಆಧಾರವೆಂದರೆ ರೋಮನ್ ಲಿಪಿಯಲ್ಲಿ ನಮೂದಿಸಿದ ಗ್ರಂಥನಾಮ ಮತ್ತು ಕರ್ತೃನಾಮಗಳು. ಆ ನಮೂದುಗಳಲ್ಲಿ ಏಕರೂಪತೆಯಿರಲಿಲ್ಲ. 'ಕಾರಂತ' ಎಂಬ ಹೆಸರೊಂದನ್ನೇ ರೋಮನ್ ಲಿಪಿಯಲ್ಲಿ ಮೂರು ನಾಲ್ಕು ಬಗೆಯಾಗಿ ಬರೆಯಬಹುದೆಂಬುದನ್ನು ನೆನೆದರೆ ಸಮಸ್ಯೆಯ ಗಾತ್ರ ಅರಿವಾಗುತ್ತದೆ.

ರಾಷ್ಟ್ರೀಯ ಗ್ರಂಥಸೂಚಿಯ ಲಿಪ್ಯಂತರ, ಹಳೆಯ ಫಾಂಟುಗಳ ಲ್ಯಾಟಿನ್ ಸಂಕೇತ, ಡಿಜಿಟಲ್ ಗ್ರಂಥಾಲಯದ ರೋಮನ್ ನಮೂದು, ಹೀಗೆ ಮೂರು ಸಂದರ್ಭಗಳಲ್ಲಿ ಕನ್ನಡವು ಪರಲಿಪಿಯ ಉಡುಪಿನಲ್ಲಿ ಸೂಚಿಯ ಬಾಗಿಲಿಗೆ ಬಂದು ನಿಂತಿದೆ. ಮೂರೂ ಸಂದರ್ಭಗಳಲ್ಲಿ ಅದಕ್ಕೆ ತಕ್ಷಣದ ಅನುಕೂಲವೊಂದು ಕಾರಣವಾಗಿತ್ತು. ಅದರ ಬೆಲೆಯನ್ನು ತೆತ್ತವನು ಮಾತ್ರ ಅನಂತರ ಬಂದ ಸಂಶೋಧಕ.

ಯೂನಿಕೋಡ್ ಬಂದ ಮೇಲೆಯೂ ಎಲ್ಲವೂ ಸರಿಹೋಗಿದೆಯೆಂದು ಹೇಳುವಂತಿಲ್ಲ. ಅನುಸ್ವಾರದ ಸ್ಥಾನದಲ್ಲಿ ಸೊನ್ನೆಯ ಅಂಕಿಯನ್ನು ಬೆರಳಚ್ಚಿಸಿದ ಪಠ್ಯಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಎರಡೂ ಒಂದೇ ಆಗಿ ಕಂಡರೂ ಅವುಗಳ ಸಂಕೇತಗಳು ಬೇರೆ ಬೇರೆ. ಹಳೆಯ ಫಾಂಟಿನಲ್ಲಿ ಪುಟವಿನ್ಯಾಸ ಮಾಡಿ ಪಿಡಿಎಫ್ ಕಡತವಾಗಿಸಿದ ಪತ್ರಿಕೆಗಳೂ ಸಂಸ್ಮರಣ ಗ್ರಂಥಗಳೂ ಈಗಲೂ ಜಾಲಕ್ಕೆ ಏರುತ್ತಿವೆ. ಅಂತಹ ಕಡತದಿಂದ ಒಂದು ವಾಕ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಬರುವುದು ಲ್ಯಾಟಿನ್ ಅಕ್ಷರಗಳ ರಾಶಿ. ಶೋಧಯಂತ್ರದ ಸೂಚಿಗೆ ಹೋಗುವುದೂ ಅದೇ. ನಮ್ಮ ಭಾಷೆಯ ವಿಭಕ್ತಿ ಪ್ರತ್ಯಯಗಳೂ ಸಂಧಿಗಳೂ ಮತ್ತೊಂದು ತೊಡಕು. 'ಶಾಸನ' ಎಂದು ಹುಡುಕಿದವನಿಗೆ 'ಶಾಸನಗಳಲ್ಲಿ', 'ಶಾಸನೋಕ್ತ' ಎಂಬ ರೂಪಗಳು ದೊರೆಯುವುದು ಯಂತ್ರವು ಕನ್ನಡ ವ್ಯಾಕರಣವನ್ನು ಎಷ್ಟರಮಟ್ಟಿಗೆ ಬಲ್ಲದೆಂಬುದನ್ನು ಅವಲಂಬಿಸಿದೆ.

7

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳನ್ನು ಹೊಂದಬಹುದು. ಮೊದಲನೆಯದು, ಸೂಚೀಕರಣದ ವೇಗವು ಯಂತ್ರದ ಸಾಮರ್ಥ್ಯವೊಂದರಿಂದಲೇ ನಿರ್ಧಾರವಾಗುವುದಲ್ಲ. ಮೂವತ್ತು ವರ್ಷಗಳಲ್ಲಿ ಯಂತ್ರವು ತಿಂಗಳಿನಿಂದ ನಿಮಿಷಗಳಿಗೆ ಇಳಿದಿದೆ. ಆದರೆ ಆ ವೇಗ ಮೊದಲು ಸುದ್ದಿಗೂ ವಾಣಿಜ್ಯಕ್ಕೂ ಸಂದಿತು. ಮೆಲ್ಲನೆ ಬೆಳೆಯುವ ವಿದ್ವತ್ತಿನ ತಾಣಗಳಿಗೆ ಅದು ಅಷ್ಟೇ ಪ್ರಮಾಣದಲ್ಲಿ ಸಂದಿಲ್ಲ. ಎರಡನೆಯದು, ಯಂತ್ರಕ್ಕೆ ಓದಲಾಗದ ಪಠ್ಯಕ್ಕೆ ವೇಗದಿಂದ ಪ್ರಯೋಜನವಿಲ್ಲ. ಕನ್ನಡದ ಮಟ್ಟಿಗೆ ಅತ್ಯಂತ ದೀರ್ಘವಾದ ವಿಳಂಬ ಆದದ್ದು ಲಿಪಿಸಂಕೇತದಲ್ಲಿ. ಅದರ ಹೊಣೆಯ ಒಂದು ಪಾಲಾದರೂ ಬರೆಯುವ, ಪ್ರಕಟಿಸುವ ನಮ್ಮ ಮೇಲೆಯೇ ಇದೆ.

ಮೂರನೆಯದು ಸಂಶೋಧನ ವಿಧಾನಕ್ಕೆ ಸಂಬಂಧಿಸಿದ್ದು. ಶೋಧಯಂತ್ರದಲ್ಲಿ ದೊರೆಯಲಿಲ್ಲವೆಂಬುದು ಇಲ್ಲವೆಂಬುದಕ್ಕೆ ಪ್ರಮಾಣವಾಗಲಾರದು. ಶಾಸನವೊಂದು ಪ್ರಕಟಿತ ಸಂಪುಟಗಳಲ್ಲಿ ಇಲ್ಲವೆಂದಾಕ್ಷಣ ಆ ಊರಿನಲ್ಲಿ ಶಾಸನವೇ ಇಲ್ಲವೆಂದು ಯಾವ ವಿದ್ವಾಂಸನೂ ಹೇಳುವುದಿಲ್ಲ, ಕ್ಷೇತ್ರಕಾರ್ಯಕ್ಕೆ ಹೊರಡುತ್ತಾನೆ. ಜಾಲದ ಶೋಧಕ್ಕೂ ಅದೇ ವಿವೇಕ ಬೇಕು. ಪದವನ್ನು ಕನ್ನಡದಲ್ಲಿಯೂ ರೋಮನ್ ಲಿಪಿಯ ಹಲವು ರೂಪಗಳಲ್ಲಿಯೂ ಹುಡುಕುವುದು, ಒಂದಕ್ಕಿಂತ ಹೆಚ್ಚು ಶೋಧಯಂತ್ರಗಳನ್ನು ನೋಡುವುದು, ಕೆಲವು ವಾರಗಳ ಬಳಿಕ ಮರುಶೋಧ ಮಾಡುವುದು, ಮುದ್ರಿತ ಗ್ರಂಥಸೂಚಿಗಳನ್ನು ಕೈಬಿಡದಿರುವುದು ಇಂದಿಗೂ ಅಗತ್ಯ. ಮಹಾಪ್ರಬಂಧಗಳಲ್ಲಿ ಪೂರ್ವಾಧ್ಯಯನಗಳ ಸಮೀಕ್ಷೆಯನ್ನು ಯಾವ ದಿನಾಂಕದಂದು, ಯಾವ ಪದಗಳಿಂದ ನಡೆಸಲಾಯಿತೆಂಬುದನ್ನು ನಮೂದಿಸುವ ಪದ್ಧತಿ ಬಂದರೆ ಒಳ್ಳೆಯದು.

ನಾಲ್ಕನೆಯದಾಗಿ, ಹೊರನಾಡಿನ ಪೀಠಗಳೂ ಸಂಘಗಳೂ ತಮ್ಮ ಪ್ರಕಟಣೆಗಳ ಮಟ್ಟಿಗೆ ಮಾಡಬಹುದಾದ ಕೆಲಸಗಳಿವೆ. ಬರಹವನ್ನು ಯೂನಿಕೋಡ್ ಪಠ್ಯವಾಗಿಯೇ ಇಡುವುದು, ಪ್ರತಿ ಲೇಖನಕ್ಕೂ ಬದಲಾಗದ ವಿಳಾಸವೊಂದನ್ನು ಕೊಡುವುದು, ಸಂಚಿಕೆಗಳ ಪಟ್ಟಿಯನ್ನು ಸೈಟ್‌ಮ್ಯಾಪ್ ರೂಪದಲ್ಲಿಯೂ ಒದಗಿಸುವುದು, ಒಂದು ಪೀಠದ ತಾಣದಿಂದ ಇನ್ನೊಂದರ ತಾಣಕ್ಕೆ ಕೊಂಡಿ ಕೊಡುವುದು ಹೆಚ್ಚಿನ ವೆಚ್ಚವನ್ನು ಬೇಡುವುದಿಲ್ಲ. ಲಾರೆನ್ಸ್ ಮತ್ತು ಗೈಲ್ಸ್ 1999ರಲ್ಲಿ ತೋರಿಸಿಕೊಟ್ಟಂತೆ ಕೊಂಡಿಯಿಲ್ಲದ ಪುಟ ಹಿಂದೆ ಉಳಿಯುತ್ತದೆ. ಮುಂಬಯಿಯ ಕನ್ನಡ ಅಧ್ಯಯನವನ್ನು ಚೆನ್ನೈನವರೂ, ಚೆನ್ನೈನದನ್ನು ದೆಹಲಿಯವರೂ ತಮ್ಮ ತಾಣಗಳಲ್ಲಿ ಉಲ್ಲೇಖಿಸಿದರೆ, ಅದರಿಂದ ವಿದ್ವತ್ ಸೌಹಾರ್ದವೂ ಬೆಳೆಯುತ್ತದೆ, ಯಂತ್ರಕ್ಕೆ ದಾರಿಯೂ ತೋರುತ್ತದೆ.

ಪೂಲ್‌ನ ಸೂಚಿಯ ಎರಡು ಆವೃತ್ತಿಗಳ ನಡುವೆ ಓದುಗರು ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು. ಹಳೆಯ ಫಾಂಟಿನಲ್ಲಿ 1990ರ ದಶಕದಲ್ಲಿ ಜಾಲಕ್ಕೆ ಏರಿ, ಇಂದಿಗೂ ಮರುಸಂಕೇತಗೊಳ್ಳದೆ ಉಳಿದ ಕನ್ನಡ ಬರಹಗಳಿದ್ದರೆ, ಅವು ಕಾದಿರುವ ಅವಧಿಯೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ. ಯಂತ್ರಗಳ ವೇಗ ಇನ್ನೂ ಹೆಚ್ಚಬಹುದು. ಆದರೆ ಇಂತಹ ಬರಹಗಳನ್ನು ಹುಡುಕಿ ತೆಗೆದು ಸರಿಯಾದ ಸಂಕೇತಕ್ಕೆ ತರುವ ಕೆಲಸವನ್ನು ಆ ವೇಗ ನಮಗಾಗಿ ಮಾಡಿಕೊಡುವುದಿಲ್ಲ. ಕನ್ನಡ ಬಲ್ಲವರೇ ಅದನ್ನು ಕೈಗೆತ್ತಿಕೊಳ್ಳಬೇಕಾಗಿದೆ.